ತೊಗರಿ ಕಾಳು ಕಲಿಸಿದ ಬಲಗೈ

2023ರ ಜನವರಿ. ತೊಗರಿ ರಾಶಿ ಮುಗಿಸಿ ತಮ್ಮ ಬೈಕಿನಲ್ಲಿ ಊರಿಗೆ ಬರುತ್ತಿದ್ದ. ಮಹಾಗಾಂವ ಕ್ರಾಸ್ ಹತ್ತಿರ ಬಿದ್ದ. ಹೆಲ್ಮೆಟ್ ಮನೆಯ ಗೂಟದಲ್ಲಿತ್ತು. ತಲೆಯ ಎಡಭಾಗಕ್ಕೆ ಪೆಟ್ಟು. ಕಲಬುರಗಿಯಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು. ಆದರೆ ಬಲಗೈ ಸೋತಿತ್ತು, ಸ್ಪರ್ಶವೂ ಮಂದ. ಕಿಸೆಯಲ್ಲಿ ಕೈ ಹಾಕಿದರೆ ಸಿಕ್ಕಿದ್ದು ನಾಣ್ಯವೋ ಕೀಲಿಯೋ ತಿಳಿಯದು.

ಎರಡು ತಿಂಗಳು ಅವ್ವ ಉಣಿಸಿದಳು, ಅಂಗಿ ಗುಂಡಿ ನಾನು ಹಾಕಿದೆ. ಅದೇ ಸೇವೆ ಅಂದುಕೊಂಡಿದ್ದೆವು. ಫಿಜಿಯೋಥೆರಪಿಯವರು ಕೇಳಿದರು: “ಎಲ್ಲಾ ನೀವೇ ಮಾಡಿದ್ರ ಅವರ ಕೈ ಯಾವಾಗ ಕಲೀಬೇಕ್ರಿ?”

ಕೆಟ್ಟದ್ದು ಕೈ ಅಲ್ಲ

ಅವರು ತಿಳಿಸಿದ್ದು ಇಷ್ಟು. ಕೈ ಗಟ್ಟಿಯಾಗೇ ಇದೆ. ಅದರಿಂದ ಸುದ್ದಿ ಪಡೆದು ಹುಕುಂ ಕೊಡುವ ಮೆದುಳಿನ ಭಾಗಕ್ಕೆ ಪೆಟ್ಟಾಗಿದೆ. ಸತ್ತ ಭಾಗ ಮರಳಿ ಬಾರದು. ಉಳಿದ ಭಾಗ ಹೊಸ ದಾರಿ ಮಾಡಿಕೊಳ್ಳಬಲ್ಲದು. ಬದುವಿನ ಮೇಲೆ ದಿನಾ ತುಳಿದರೆ ಕಾಲುದಾರಿ ಬೀಳುವುದಿಲ್ಲವೇ, ಹಾಗೆ. ಮುಟ್ಟಿ ತಿಳಿಯುವುದು, ತಿಳಿದು ಕೈ ಆಡಿಸುವುದು, ಎರಡನ್ನೂ ಜೋಡಿಸಿ ಮತ್ತೆ ಮತ್ತೆ ಮಾಡಿಸುವುದೇ ಈ ಚಿಕಿತ್ಸೆ.

ಮನೆಯ ಸಾಮಾನೇ ಸಾಕು

ಮೊರದಲ್ಲಿ ತೊಗರಿ, ಕಡಲೆ, ಜೋಳ ಕೂಡಿಸಿ ಇಟ್ಟೆವು. ಮೊದಲು ನೋಡಿ ಆರಿಸುವುದು, ಆಮೇಲೆ ಕಣ್ಣು ಮುಚ್ಚಿ. ಗೋಣಿತಟ್ಟು, ಹತ್ತಿ, ಮರಳು ಇವನ್ನು ಒಳ್ಳೆಯ ಕೈಗೂ ಸೋತ ಕೈಗೂ ಮುಟ್ಟಿಸಿ ಹೋಲಿಸುವುದು. ಜೋಳದ ಹಿಟ್ಟು ನಾದುವುದು, ಹಗ್ಗಕ್ಕೆ ಗಂಟು ಹಾಕಿ ಬಿಚ್ಚುವುದು. ನಡಿಗೆ ಮೊದಲು ಅಂಗಳದಲ್ಲಿ, ನಂತರ ಹೊಲದ ಕರಿಮಣ್ಣಿನಲ್ಲಿ. ಸೋತ ಮಗ್ಗುಲಿಗೆ ಒಬ್ಬರು ಇರಲೇಬೇಕು.

ಹತ್ತು ಹದಿನೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಕೆಲವು ದಿನ ಸಿಟ್ಟಿಗೆದ್ದು ಮೊರ ಚೆಲ್ಲಿದ. ತಲೆಪೆಟ್ಟಿನವರಿಗೆ ಸಿಟ್ಟು, ಮರೆವು, ಬೇಗ ದಣಿವು ಇರುತ್ತವೆ, ಅದು ಸೋಮಾರಿತನವಲ್ಲ. ಐದನೇ ತಿಂಗಳು ಕಣ್ಣು ಮುಚ್ಚಿಕೊಂಡೇ ಅಂದ: “ಅಣ್ಣಾ, ಇದು ಕಡ್ಲಿ ಅದ ನೋಡು.” ಅವ್ವ ಒಲೆ ಬಿಟ್ಟು ಎದ್ದು ಬಂದಳು.

ನೆನಪಿಡಿ

* ಯಾವ ವ್ಯಾಯಾಮ, ಎಷ್ಟು ಎಂಬುದನ್ನು ಚಿಕಿತ್ಸಕರಿಂದ ಕಲಿತೇ ಮನೆಯಲ್ಲಿ ಮಾಡಿಸಿ.
* ಸ್ಪರ್ಶ ತಿಳಿಯದ ಕೈಗೆ ಬಿಸಿನೀರು, ಒಲೆ, ಕುಡುಗೋಲು ಅಪಾಯ.
* ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ; ಭುಜ ಜಾರೀತು.
* ವಾಂತಿ, ಹೆಚ್ಚುವ ತಲೆನೋವು, ಮಂಪರು, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ. 108ಕ್ಕೆ ಕರೆ ಮಾಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರ ಪುನಶ್ಚೇತನಕ್ಕೇ ಪ್ರತ್ಯೇಕ ವಿಭಾಗವಿದೆ. ನಮಗದು ಒಂದು ರಾತ್ರಿಯ ದಾರಿ. ರಾಶಿ ಕಾಲದಲ್ಲಿ ಪದೇ ಪದೇ ಹೋಗಲಾಗದು. ದಿನದಿನದ ಕೆಲಸ ಮನೆಯಲ್ಲೇ ನಡೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶಾಶ್ವತ ಊನ ಉಳಿದರೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ತಮ್ಮ ಪೂರ್ತಿ ಮೊದಲಿನಂತಾಗಿಲ್ಲ. ಟ್ರ್ಯಾಕ್ಟರ್ ಹತ್ತುವುದಿಲ್ಲ, ಬರವಣಿಗೆ ನಿಧಾನ. ಆದರೆ ರೊಟ್ಟಿ ತಾನೇ ಮುರಿದು ಉಣ್ಣುತ್ತಾನೆ, ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಈ ಸಲ ಬಿತ್ತನೆಗೆ ಬೀಜದ ತೊಗರಿ ಆರಿಸಿಕೊಟ್ಟವನೂ ಅವನೇ.