ಸದ್ದು ನಿಂತ ಮೇಲೆ

ಇರುಳು ಸದ್ದಡಗಿದರೆ ಮನೆಯವರಿಗೆಲ್ಲ ನೆಮ್ಮದಿಯ ನಿದ್ರೆ. ಇದು ನಾವೆಲ್ಲರೂ ಬಲ್ಲ ಮಾತು. ಆದರೆ ೧೯೪೪ನೆಯ ಇಸವಿಯ ಬೇಸಗೆಯಲ್ಲಿ ಲಂಡನ್ ನಗರದ ಗೃಹಸ್ಥರು ಸದ್ದಿಗಿಂತಲೂ ಹೆಚ್ಚಾಗಿ ಮೌನಕ್ಕೆ ಅಂಜಬೇಕಾಯಿತು.

ಆ ವರ್ಷದ ಜೂನ್ ೧೩ನೆಯ ತಾರೀಖು ಬೆಳಗಿನ ಜಾವದಲ್ಲಿ ಜರ್ಮನರ ಹಾರುವ ಬಾಂಬು ಮೊದಲ ಸಲ ಆ ನಗರದ ಮೇಲೆರಗಿತು. ಗ್ರೋವ್ ರಸ್ತೆಯಲ್ಲಿ ೬ ಮಂದಿ ಮಡಿದರು. ವಿ-೧ ಎಂಬ ಆ ಯಂತ್ರಕ್ಕೆ ರೆಕ್ಕೆಗಳಿದ್ದುವು, ಚಾಲಕನಿರಲಿಲ್ಲ. ಬೆನ್ನ ಮೇಲಿನ ಜೆಟ್ ಎಂಜಿನ್ನು ಗಾಳಿಯನ್ನೊಳಗೊಂಡು, ಅದರೊಡನೆ ಇಂಧನವನ್ನುರಿಸಿ, ಬಿಸಿಯಾದ ಅನಿಲವನ್ನು ಹಿಂದಕ್ಕೆ ಚಿಮ್ಮುತ್ತ ಗಂಟೆಗೆ ಸುಮಾರು ೬೪೦ ಕಿಲೋಮೀಟರು ವೇಗದಲ್ಲಿ ಅದನ್ನು ತಳ್ಳುತ್ತಿತ್ತು. ಅದರ ಮೂತಿಯಲ್ಲಿ ಮಕ್ಕಳ ಗಿರಿಗಿಟ್ಟಲೆಯನ್ನು ಹೋಲುವ ಪುಟ್ಟ ಚಕ್ರವೊಂದು ಸುತ್ತುತ್ತ ದೂರವನ್ನೆಣಿಸುತ್ತಿತ್ತು. ಲೆಕ್ಕ ಮುಗಿದೊಡನೆ ಬಾಂಬು ತಲೆ ತಗ್ಗಿಸುತ್ತಿತ್ತು; ಸಾಮಾನ್ಯವಾಗಿ ಆಗಲೇ ಎಂಜಿನ್ನಿನ ಗೊರಗೊರ ಸದ್ದೂ ನಿಂತುಹೋಗುತ್ತಿತ್ತು. ಕೆಲವು ಸೆಕೆಂಡುಗಳ ಮೌನ. ಬಳಿಕ ಸುಮಾರು ೮೫೦ ಕಿಲೋಗ್ರಾಂ ಸಿಡಿಮದ್ದಿನ ಸ್ಫೋಟ.

ಅನೇಕ ಮನೆಗಳಲ್ಲಿ ಉಕ್ಕಿನ ಮೇಜೊಂದಿತ್ತು. ಸುತ್ತಲೂ ತಂತಿಯ ಬಲೆ. ಹಗಲು ಅದರ ಮೇಲೆ ಊಟ, ಇರುಳು ಅದರ ಕೆಳಗೆ ಹೆಂಡಿರು ಮಕ್ಕಳ ನಿದ್ರೆ. ಮೇಲೆ ಸದ್ದು ಕೇಳಿದಾಗ ಅಲ್ಲಿ ಮಲಗಿದ್ದವರ ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ: 'ನಿಲ್ಲದಿರಲಿ, ಮುಂದೆ ಹೋಗಲಿ.' ಮುಂದೆ ಹೋದುದು ಮತ್ತೊಬ್ಬರ ಸೂರಿನ ಮೇಲೆ ಬೀಳುವುದೆಂಬುದನ್ನು ಅವರು ಅರಿಯದವರಲ್ಲ. ಸದ್ದು ದೂರ ಸರಿದಾಗ ಸಮಾಧಾನವೂ ನಾಚಿಕೆಯೂ ಒಟ್ಟಿಗೇ ಬರುತ್ತಿದ್ದುವು.

ಮನೆಯವರಿಗೆ ಒದಗಿದ ಈ ಧರ್ಮಸಂಕಟ ಸರಕಾರಕ್ಕೂ ಒದಗಿತು. ಬಾಂಬುಗಳು ಗುರಿಯನ್ನು ದಾಟಿ ಬೀಳುತ್ತಿವೆಯೆಂದು ಜರ್ಮನರನ್ನು ನಂಬಿಸಿದರೆ ಅವರು ದೂರವನ್ನು ತಗ್ಗಿಸುವರು, ನಗರದ ನಡುಭಾಗ ಉಳಿಯುವುದು ಎಂದು ಬ್ರಿಟಿಷ್ ಗೂಢಚಾರ ಇಲಾಖೆಯವರು ಯೋಚಿಸಿ, ತಮ್ಮ ಕೈವಶವಾಗಿದ್ದ ಬೇಹುಗಾರರ ಮೂಲಕ ಸುಳ್ಳು ವರದಿಗಳನ್ನು ಕಳುಹಿಸಿದರು. ಹಾಗಾದರೆ ದಕ್ಷಿಣದ ಬಡಾವಣೆಗಳ ಗತಿಯೇನು? ಗೃಹಮಂತ್ರಿ ಹರ್ಬರ್ಟ್ ಮಾರಿಸನ್ನರು ಇದನ್ನು ವಿರೋಧಿಸಿದರು. ಉಕ್ಕಿನ ಮೇಜಿಗೆ ಬಂದ ಹೆಸರು ಇವರದೇ. ಆದರೂ ಉಪಾಯ ನಡೆಯಿತು. ಕ್ರಾಯ್ಡನ್ ಮೊದಲಾದ ದಕ್ಷಿಣದ ಬಡಾವಣೆಗಳು ಬಲವಾದ ಪೆಟ್ಟು ತಿಂದುವು.

ಇಂಗ್ಲೆಂಡಿನಲ್ಲಿ ಈ ಬಾಂಬಿಗೆ ಬಲಿಯಾದವರು ಆರು ಸಾವಿರಕ್ಕೂ ಮಿಕ್ಕು. ಹೆಚ್ಚು ಜನರನ್ನು ಉಳಿಸಬೇಕೆಂದು ಅಧಿಕಾರಿಗಳು ಮಾಡಿದ ಲೆಕ್ಕವನ್ನು ನಾವಿಂದು ಸುಲಭವಾಗಿ ಹಳಿಯಲಾರೆವು. ಆದರೆ ಯಾರ ಮನೆ ಉಳಿಯಬೇಕು, ಯಾರದು ಬೀಳಬೇಕು ಎಂಬ ಲೆಕ್ಕವನ್ನು ಸಜ್ಜನರ ಕೈಯಿಂದಲೂ ಮಾಡಿಸುವುದು ಯುದ್ಧ. ಕ್ರಾಯ್ಡನ್ನಿನ ತಾಯಿಗೆ ಆ ಲೆಕ್ಕವನ್ನು ಯಾರೂ ತಿಳಿಸಿರಲಿಲ್ಲ. ಅವಳು ಮೇಜಿನಡಿಯಲ್ಲಿ ಮಕ್ಕಳನ್ನಪ್ಪಿಕೊಂಡು ಸದ್ದಿಗೆ ಕಿವಿಗೊಟ್ಟಿದ್ದಳು.