ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು, ನಿಮಗೆ?



ತಾಳ್ಯ ಭಾಗದಲ್ಲಿ ಹಸು ಒಂದು ಹೊತ್ತು ಮೇವು ಬಿಟ್ಟರೂ ನೀವು ಫೋನ್ ಮಾಡುತ್ತೀರಿ. ಬಂದಾಗ "ನಿಮ್ಮ ಊಟ ಆಯ್ತಾ?" ಎಂದರೆ, "ಎಲ್ಲರದೂ ಆಗ್ಲಿ ಡಾಕ್ಟ್ರೇ" ಎನ್ನುತ್ತೀರಿ.

ಬೆದರಿದ ಹಸು ಸರಿಯಾಗಿ ಹಾಲು ಕೊಡುವುದಿಲ್ಲ ಎಂಬುದು ನಿಮಗೆ ಗೊತ್ತು. ಒತ್ತಡ ಮಿದುಳನ್ನೂ ಬಿಡುವುದಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ನರವಿಜ್ಞಾನಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇರಿಸಿ ನೋಡಿತು. 2002ರಲ್ಲಿ ಪ್ರಕಟವಾದ ಫಲಿತಾಂಶ: ನೆನಪಿನ ಭಾಗದ ನರಕೋಶಗಳ ಕವಲುಗಳು ಕುಗ್ಗಿದ್ದವು, ಭಯದ ಭಾಗದಲ್ಲಿ ಬೆಳೆದಿದ್ದವು. 21 ದಿನ ಬಿಡುವು ಕೊಟ್ಟಾಗ ನೆನಪಿನ ಭಾಗ ಚೇತರಿಸಿಕೊಂಡಿತು. ಭಯದ ಭಾಗ ಮಾತ್ರ ಹಾಗೆಯೇ ಉಳಿಯಿತು. ಅದಕ್ಕೇ ಚಿಂತೆಯನ್ನು ಒಳಗೇ ಕೂಡಿಡಬೇಡಿ.

ಇನ್ನು ಆಹಾರ. ನರಗಳಿಗೆ ಬಿ12 ಜೀವಸತ್ವ ಬೇಕೇ ಬೇಕು. ಕಡಿಮೆಯಾದರೆ ಸುಸ್ತು, ಕೈಕಾಲು ಜೋಮು, ಮರೆವು ಬರಬಹುದು. ರಾಗಿ, ಕಾಳು, ಸೊಪ್ಪಿನಲ್ಲಿ ಇದು ಸಿಗದು. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಕೋಬಾಲ್ಟ್ ಖನಿಜ ಬಳಸಿ ಇದನ್ನು ತಯಾರಿಸುತ್ತವೆ. ಖನಿಜ ಮಿಶ್ರಣ ತಪ್ಪಿಸಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ನೀವು ಮಾಡಬೇಕಾದದ್ದು:

• ಡೇರಿಗೆ ಹೊರಡುವ ಮುನ್ನ ಮನೆಗೆಂದು ಹಾಲು ಎತ್ತಿಡಿ. ಕಾಯಿಸಿದ ಮೇಲೆ ಒಂದು ಲೋಟ ನಿಮ್ಮದು.
• ಬೆಳಗಿನ ಕೆಲಸದ ನಡುವೆಯೇ ತಿಂಡಿ ತಿನ್ನಿ.
• ಜೋಮು, ಸುಸ್ತು ಬಿಡದಿದ್ದರೆ ಆರೋಗ್ಯ ಕೇಂದ್ರದಲ್ಲಿ ತೋರಿಸಿ.
• ನಿದ್ದೆಗೆಟ್ಟು ಆತಂಕ ಕಾಡುತ್ತಿದ್ದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ.

ಕೊಟ್ಟಿಗೆಯನ್ನು ನಡೆಸುವವರು ನೀವು. ನಿಮ್ಮ ಆರೋಗ್ಯವೂ ಹೈನುಗಾರಿಕೆಯ ಲೆಕ್ಕದಲ್ಲೇ ಸೇರಿದೆ.

– ಪಶುವೈದ್ಯಾಧಿಕಾರಿ