ಒಂದೇ ಇಂಜೆಕ್ಷನ್, ಎರಡು ಫಲ

ಮಲಪ್ರಭೆಯ ದಂಡೆಯ ಮನೋಳಿ, ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರಿನ ಸೀಮೆಯಲ್ಲಿ ಕಣ್ಣು ಹಳದಿಯಾದರೆ ‘ಕಾಮಣಿ ಆಗೇತಿ’ ಅನ್ನುತ್ತಾರೆ, ನೆಲನೆಲ್ಲಿ ಅರೆದು ಕುಡಿಸುತ್ತಾರೆ. ಕೆಲವು ವಾರಗಳಲ್ಲಿ ಇಳಿಯುವ ಕಾಮಣಿ ಬಹುಪಾಲು ಹೊಲಸು ನೀರಿನಿಂದ ಬರುವ ಹೆಪಟೈಟಿಸ್ ಎ ಇಲ್ಲವೆ ಇ. ಬಸುರಿಯರಿಗೆ ಇ ತೀರ ಅಪಾಯ. ಉಳಿದ ಹೆಚ್ಚಿನವರಲ್ಲಿ ಅದು ತಾನೇ ಹೋಗುತ್ತದೆ. ರಕ್ತದ ಮೂಲಕ ಅಂಟುವ ಬಿ ಮತ್ತು ಸಿ ಹಾಗಲ್ಲ. ಕಣ್ಣು ಹಳದಿಯಾಗದೆಯೂ ಅವು ಹತ್ತಿಪ್ಪತ್ತು ವರ್ಷ ಲಿವರಿನಲ್ಲಿದ್ದು ಅದನ್ನು ಗಡುಸಾಗಿಸುತ್ತವೆ.

ಹೆಪಟೈಟಿಸ್ ಸಿ ವೈರಸ್ ಪತ್ತೆಯಾದದ್ದು 1989ರಲ್ಲಿ. ಮುಂದೆ ಬಹುಕಾಲ ಇದ್ದ ಚಿಕಿತ್ಸೆಯೆಂದರೆ ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಗುಳಿಗೆ. ವೈರಸ್ಸಿನ ಒಂದನೇ ಬಗೆಗೆ 48 ವಾರ, ಭಾರತದಲ್ಲಿ ಹೆಚ್ಚಾಗಿ ಕಾಣುವ ಮೂರನೇ ಬಗೆಗೆ 24 ವಾರ. ಜ್ವರ, ಮೈಕೈ ನೋವು, ಮನಸ್ಸಿನ ಕುಗ್ಗುವಿಕೆ ಸಹಿಸಿ ಪೂರ್ತಿ ತೆಗೆದುಕೊಂಡರೂ ಒಂದನೇ ಬಗೆಯವರಲ್ಲಿ ಸುಮಾರು ಅರ್ಧ ಮಂದಿಗೆ ವಾಸಿಯಾಗುತ್ತಿರಲಿಲ್ಲ. ಅದು ರೋಗಿಯ ತಪ್ಪಾಗಿರಲಿಲ್ಲ.

2009ರಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾದ ತಂಡಗಳು ಇದರ ಕಾರಣವನ್ನು ಬೇರೆಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದವು: 19ನೇ ವರ್ಣತಂತುವಿನಲ್ಲಿ ಐಎಲ್28ಬಿ ಜೀನಿನ ಆಸುಪಾಸು. ಅಮೆರಿಕದ ತಂಡ ಗುರುತಿಸಿದ ನೆಲೆಯಲ್ಲಿ ತಂದೆತಾಯಿ ಇಬ್ಬರಿಂದಲೂ ಸೈಟೊಸಿನ್ ಎಂಬ ಡಿಎನ್‌ಎ ಅಕ್ಷರ ಪಡೆದವರು ಗುಣವಾಗುವ ಸಂಭವ, ಇಬ್ಬರಿಂದಲೂ ಥೈಮಿನ್ ಪಡೆದವರಿಗಿಂತ ಸುಮಾರು ಎರಡು ಪಟ್ಟು. ಆಫ್ರಿಕಾ ಮೂಲದ ಅಮೆರಿಕನ್ನರಿಗೂ ಯುರೋಪ್ ಮೂಲದವರಿಗೂ ನಡುವೆ ಫಲದಲ್ಲಿ ಕಂಡ ಅಂತರದ ಅರ್ಧದಷ್ಟನ್ನು ಈ ಒಂದು ವ್ಯತ್ಯಾಸವೇ ವಿವರಿಸಿತು.

ನನಗೆ ಅತಿ ಸೋಜಿಗವೆನಿಸುವುದು 2013ರಲ್ಲಿ ಹೊರಬಿದ್ದ ಸಂಗತಿ. ಅಲ್ಲೇ ಪಕ್ಕದಲ್ಲಿ ಕೆಲವರ ಜೀನು ಇಂಟರ್‌ಫೆರಾನ್ ಲ್ಯಾಂಬ್ಡಾ 4 ಎಂಬ ಪ್ರೋಟೀನ್ ತಯಾರಿಸುತ್ತದೆ, ಕೆಲವರದು ತಯಾರಿಸುವುದಿಲ್ಲ. ವೈರಸ್ಸಿನ ವಿರುದ್ಧ ಹೋರಾಡುವ ಕುಲದ ಪ್ರೋಟೀನ್ ಇದ್ದವರಿಗೇ ಇಂಜೆಕ್ಷನ್ ನಾಟುವುದು ಕಡಿಮೆ! ಅವರ ಲಿವರಿನ ಕೋಶಗಳಲ್ಲಿ ರಕ್ಷಣೆಯ ಜೀನುಗಳು ಮೊದಲೇ ಚಾಲೂ ಆಗಿರುತ್ತವೆ; ಹೊರಗಿನಿಂದ ಕೊಟ್ಟ ಇಂಟರ್‌ಫೆರಾನಿಗೆ ಹೊಸದಾಗಿ ಎಬ್ಬಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ರಿಬಾವಿರಿನ್ ಕೂಡ ಹುಟ್ಟಿಗೆ ತಕ್ಕಂತೆ ನಡೆದುಕೊಳ್ಳುತ್ತಿತ್ತು. ಅದು ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತದೆ; ಆದರೆ ಐಟಿಪಿಎ ಜೀನಿನ ಕೆಲವು ರೂಪಗಳಿರುವವರು ಈ ಕಾಟದಿಂದ ಬಹುಮಟ್ಟಿಗೆ ಪಾರಾಗುತ್ತಾರೆ.

2013ರ ಕೊನೆಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಫೊಸ್‌ಬುವಿರ್ ಗುಳಿಗೆ 2015ರಲ್ಲಿ ಭಾರತೀಯ ಕಂಪನಿಗಳಿಂದ ಅಗ್ಗದ ದರದಲ್ಲಿ ಬಂತು. ಅದು ದೇಹದ ರಕ್ಷಣೆಯನ್ನು ಎಬ್ಬಿಸಲು ಹೋಗುವುದಿಲ್ಲ, ವೈರಸ್ ತನ್ನ ಪ್ರತಿ ತೆಗೆಯುವ ಕಿಣ್ವವನ್ನೇ ತಡೆಯುತ್ತದೆ. ಡಕ್ಲಾಟಸ್‌ವಿರ್ ಅಥವಾ ವೆಲ್ಪಟಸ್‌ವಿರ್ ಜೊತೆ ಸಾಮಾನ್ಯವಾಗಿ 12 ವಾರ ನುಂಗಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ವಾಸಿಯಾಗುತ್ತಾರೆ. ಐಎಲ್28ಬಿ ಯಾವ ರೂಪದ್ದೆಂದು ಈಗ ಯಾವ ವೈದ್ಯರೂ ಕೇಳಬೇಕಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ. ಜೀನಿನ ತಾರತಮ್ಯ ಅಳಿಸಿದ ಈ ಗುಳಿಗೆ ಹಳ್ಳಿಯ ರೋಗಿಗೂ ತಲುಪಲೇಬೇಕು.

ಹೆಪಟೈಟಿಸ್ ಬಿ ಇನ್ನೂ ಅಷ್ಟು ಸುಲಭಕ್ಕೆ ಬಗ್ಗಿಲ್ಲ. ಟೆನೊಫೊವಿರ್, ಎಂಟೆಕವಿರ್ ಗುಳಿಗೆಗಳು ಅದನ್ನು ಅದುಮಿಡುತ್ತವೆ, ಬೇರುಸಹಿತ ಕೀಳುವುದಿಲ್ಲ; ವೈರಸ್ಸಿನ ಡಿಎನ್‌ಎ ಲಿವರ್ ಕೋಶದ ಕೇಂದ್ರದಲ್ಲಿ ಉಳಿದುಬಿಡುತ್ತದೆ. ಸಿ ವೈರಸ್ಸಿನ ಗುಳಿಗೆ ನುಂಗುವಾಗ ಅಡಗಿದ್ದ ಬಿ ಮತ್ತೆ ಕೆರಳುವುದೂ ಉಂಟು. ಆದ್ದರಿಂದ ಸಿ ಚಿಕಿತ್ಸೆಗೆ ಮೊದಲು ಬಿ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಲೇಬೇಕು; ಬಿ ಬಾರದಂತೆ ತಡೆಯಲು ಹುಟ್ಟಿದ ಕೂಸಿಗೆ 24 ಗಂಟೆಯೊಳಗೆ ಬಿ ಲಸಿಕೆ ಹಾಕಿಸಬೇಕು.